ಹಳೆಯ ಪ್ಲೇಯರಿನ ದಿಡ್ಡಿ ಬಾಗಿಲು

(ಇದು ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ವೇದಿಕೆಯ ಮೇಲೆ ಕೈಯಿಂದ ಮಾಡಿ ತೋರಿಸಿದ್ದನ್ನು ಆದಷ್ಟು ಮಾತಿಗೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ಕೈಯಲ್ಲಿರುವುದು ಹಿಂದಿನ ಸಾಲಿನವರಿಗೆ ಕಾಣಿಸಲಿಕ್ಕಿಲ್ಲ. ಹೆಚ್ಚುಕಡಿಮೆ ಬೆಂಕಿಪೊಟ್ಟಣದಷ್ಟು ದೊಡ್ಡದು, ಬೆನ್ನಿಗೆ ಒಂದು ಕ್ಲಿಪ್ಪು. 2009ರಲ್ಲಿ ಬಂದ ಸ್ಯಾನ್ಸಾ ಕ್ಲಿಪ್ ಪ್ಲಸ್ ಎಂಬ ಮ್ಯೂಸಿಕ್ ಪ್ಲೇಯರ್ ಇದು. ಇದರ ಪರದೆಯಲ್ಲಿ ಅಡ್ಡಕ್ಕೆ 128, ಉದ್ದಕ್ಕೆ 64 ಚುಕ್ಕಿಗಳು, ಅಷ್ಟೇ. ಮೇಲಿನ 16 ಸಾಲು ಹಳದಿಯಾಗಿ ಹೊಳೆಯುತ್ತವೆ, ಕೆಳಗಿನ 48 ನೀಲಿಯಾಗಿ. ಇಷ್ಟು ಸಣ್ಣ ಕಿಟಕಿಯ ಹಿಂದೆ ಎರಡು ತಂತ್ರಾಂಶಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಒಂದು ಕಾರ್ಖಾನೆಯಿಂದ ಬರುವಾಗಲೇ ಇದ್ದದ್ದು. ಇನ್ನೊಂದು ನಾನು ಹಾಕಿದ್ದು, ಅದರ ಹೆಸರು ರಾಕ್‌ಬಾಕ್ಸ್. ಎರಡನೆಯದು ಒಳಗೆ ಹೇಗೆ ಸೇರಿಕೊಂಡಿತು ಎನ್ನುವುದೇ ಇವತ್ತಿನ ಮಾತು.

ಫರ್ಮ್‌ವೇರ್ ಎಂದರೆ ಏನೋ ಗಹನವಾದದ್ದು ಎಂದು ಹಲವರು ಗಾಬರಿಯಾಗುತ್ತಾರೆ. ಗುಂಡಿ ಒತ್ತಿದಾಗ ಹಾಡು ಮುಂದಕ್ಕೆ ಹೋಗಬೇಕು, ಧ್ವನಿ ಏರಬೇಕು, ಪರದೆಯ ಮೇಲೆ ಹೆಸರು ಮೂಡಬೇಕು. ಇದನ್ನೆಲ್ಲ ಮಾಡಿಸುವ, ಯಂತ್ರದ ಒಳಗೇ ಕುಳಿತ ತಂತ್ರಾಂಶ ಅದು. ಕಂಪ್ಯೂಟರಿನಲ್ಲಿ ಇಷ್ಟವಿಲ್ಲದ ತಂತ್ರಾಂಶವನ್ನು ಕಿತ್ತು ಬೇರೆಯದನ್ನು ಹಾಕಲು ಯಾರೂ ಅಳುಕುವುದಿಲ್ಲ. ಅಂಗೈಯಷ್ಟು ಪ್ಲೇಯರಿನ ವಿಷಯಕ್ಕೆ ಬಂದರೆ ಅದು ತಯಾರಕರು ಕೊಟ್ಟ ಹಣೆಬರಹ ಎಂಬಂತೆ ಸುಮ್ಮನಾಗುತ್ತೇವೆ.

ಸ್ವೀಡನ್ನಿನ ಮೂವರು ಹಾಗೆ ಸುಮ್ಮನಾಗಲಿಲ್ಲ. ಬ್ಯೋರ್ನ್ ಸ್ಟೆನ್‌ಬೆರಿ, ಅವರ ಸಹೋದರ ಡೇನಿಯಲ್ ಸ್ಟೆನ್‌ಬೆರಿ, ಜೊತೆಗೆ ಲೀನಸ್ ನೀಲ್ಸನ್ ಫೆಲ್ಟ್‌ಸಿಂಗ್. ಡೇನಿಯಲ್ ಎಂದರೆ ಕರ್ಲ್ ಎಂಬ ತಂತ್ರಾಂಶ ಬರೆದವರು. ನಿಮ್ಮ ಮೊಬೈಲಿನಲ್ಲೂ ಎಲ್ಲೋ ಒಂದು ಮೂಲೆಯಲ್ಲಿ ಅದು ಕೆಲಸ ಮಾಡುತ್ತಿರುತ್ತದೆ. 2001ರ ಕೊನೆಯ ಹೊತ್ತಿಗೆ ಇವರ ಕೈಯಲ್ಲಿ ಆರ್ಕೋಸ್ ಜೂಕ್‌ಬಾಕ್ಸ್ ಇತ್ತು. ಹಾರ್ಡ್ ಡಿಸ್ಕ್ ಹೊತ್ತ ದಪ್ಪನೆಯ ಪ್ಲೇಯರು, ಒಳಗೆ ಮತ್ತೆ ಚಾರ್ಜ್ ಮಾಡಬಹುದಾದ ನಾಲ್ಕು ಪೆನ್ಸಿಲ್ ಸೆಲ್ಲು. ಯಂತ್ರ ಹಿಡಿಸಿತ್ತು, ಅದರ ತಂತ್ರಾಂಶ ಹಿಡಿಸಲಿಲ್ಲ. ತಯಾರಕರಿಂದ ಯಾವ ದಾಖಲೆಯೂ ಇಲ್ಲದೆ, ಒಳಗಿರುವುದನ್ನು ತಾವೇ ಬಿಚ್ಚಿ ಓದತೊಡಗಿದರು.

ಓದಿದಾಗ ಸಿಕ್ಕಿದ್ದು ಒಂದು ದಿಡ್ಡಿ ಬಾಗಿಲು. ಕೋಟೆಯ ಹೆಬ್ಬಾಗಿಲು ಮುಚ್ಚಿದ್ದರೂ ಅದರಲ್ಲೇ ಆಳು ನುಗ್ಗುವಷ್ಟು ಪುಟ್ಟ ಬಾಗಿಲು ಇರುತ್ತದಲ್ಲ, ಅದು. ಆರ್ಕೋಸ್ ಚಾಲೂ ಆಗುವಾಗ ಡಿಸ್ಕಿನ ಮೊದಲ ಹಂತದಲ್ಲಿ, ಅಂದರೆ ಯಾವ ಫೋಲ್ಡರಿನೊಳಗೂ ಅಲ್ಲದೆ ಹೊರಗೇ, ಒಂದು ನಿರ್ದಿಷ್ಟ ಹೆಸರಿನ ಕಡತ ಇದೆಯೇ ಎಂದು ನೋಡುತ್ತಿತ್ತು. ಇದ್ದರೆ ತನ್ನೊಳಗಿನದನ್ನು ಬದಿಗಿಟ್ಟು ಆ ಕಡತವನ್ನೇ ಮೆಮೊರಿಗೆ ಏರಿಸಿ ಓಡಿಸುತ್ತಿತ್ತು. ತಯಾರಕರು ತಮ್ಮ ಪರಿಷ್ಕೃತ ಆವೃತ್ತಿಗಳನ್ನು ಕೊಡಲು ಮಾಡಿಕೊಂಡ ಏರ್ಪಾಡು ಅದು. ಕಡತದ ಒಳಗನ್ನು ಒಂದಿಷ್ಟು ಕಲಸಿಟ್ಟಿದ್ದರು, ಆದರೆ ಬೀಗ ಎನ್ನುವಷ್ಟು ಗಟ್ಟಿಯಾಗಿರಲಿಲ್ಲ. ಆ ಹೆಸರಿನಲ್ಲಿ, ಆ ರೀತಿಯಲ್ಲೇ ಕಲಸಿದ ತಮ್ಮ ಕಡತವನ್ನು ಇಟ್ಟರೆ ಮುಗಿಯಿತು. ಯಂತ್ರದ ಶಾಶ್ವತ ಮೆಮೊರಿಯಲ್ಲಿ ಒಂದು ಬಿಟ್ಟೂ ಬದಲಾಗುವುದಿಲ್ಲ. ಕಡತ ಅಳಿಸಿದರೆ ಹಳೆಯದು ಹಾಗೆಯೇ ಎದ್ದು ಬರುತ್ತದೆ.

ರಾಕ್‌ಬಾಕ್ಸ್ ಹುಟ್ಟಿದ್ದು ಹೀಗೆ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಪರವಾನಗಿಯಡಿ ಆಕರ ಸಂಕೇತವನ್ನೆಲ್ಲ, ಅಂದರೆ ತಾವು ಬರೆದ ಮೂಲ ಸಾಲುಗಳನ್ನೆಲ್ಲ, ತೆರೆದಿಟ್ಟದ್ದರಿಂದ ಬೇರೆ ಬೇರೆ ದೇಶಗಳ ಜನ ತಮ್ಮ ತಮ್ಮ ಪ್ಲೇಯರಿಗೆ ಹೊಂದಿಸುತ್ತಾ ಹೋದರು. ಐರಿವರ್, ಐಪಾಡ್, ಗಿಗಾಬೀಟ್, ಸ್ಯಾನ್ಸಾ, ಈಚಿನ ಫಿಯೋ ಹೀಗೆ. ಇದು ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯೇ ಎಂದು ತಿಳಿದವರು ಬಹಳ ಮಂದಿ ಇದ್ದಾರೆ, ಅಲ್ಲ. ಇದಕ್ಕೆ ಇದರದೇ ಪುಟ್ಟ ಕರ್ನೆಲ್, ಅಂದರೆ ಉಳಿದೆಲ್ಲವನ್ನೂ ನಡೆಸುವ ತಿರುಳು, ಇದೆ. ಮೊದಲ ಆರ್ಕೋಸಿನಲ್ಲಿ ಇದ್ದದ್ದು 2 ಎಂಬಿ ಮೆಮೊರಿ, ಸುಮಾರು 12 ಮೆಗಾಹರ್ಟ್ಸ್ ವೇಗದ ಪ್ರಾಸೆಸರ್. ಎಂಪಿ3 ಬಿಚ್ಚುವ ಶಕ್ತಿ ಆ ಪ್ರಾಸೆಸರಿಗೆ ಇರಲಿಲ್ಲ, ಅದಕ್ಕೆ ಪ್ರತ್ಯೇಕ ಚಿಪ್ ಇತ್ತು. ಅಂಥ ಮನೆಗೆ ಲಿನಕ್ಸನ್ನು ಕರೆಯುವುದು ಹೇಗೆ?

ಈಗ ಕೈಯಲ್ಲಿರುವುದಕ್ಕೆ ಬರೋಣ. ಹೊಸ ಫರ್ಮ್‌ವೇರ್ ಹಾಕುವುದು ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ನಿಜಕ್ಕೂ ಅದರಲ್ಲಿ ಎರಡು ಕೆಲಸಗಳಿವೆ, ಎರಡರ ಅಪಾಯವೂ ಬೇರೆ ಬೇರೆ. ರಾಕ್‌ಬಾಕ್ಸಿನ ಬಹುಪಾಲು ಇರುವುದು ಒಂದು ಸಾಮಾನ್ಯ ಫೋಲ್ಡರಿನಲ್ಲಿ, ನಿಮ್ಮ ಹಾಡುಗಳ ಪಕ್ಕದಲ್ಲೇ. ಅದನ್ನು ನಕಲು ಮಾಡುವುದು, ಅಳಿಸುವುದು, ಮತ್ತೆ ಹಾಕುವುದು ಹಾಡು ತುಂಬಿದಷ್ಟೇ ನಿರಪಾಯ. ಇನ್ನೊಂದು ತುಣುಕಿದೆ, ಬೂಟ್‌ಲೋಡರ್ ಎಂದು ಅದಕ್ಕೆ ಹೆಸರು. ಯಂತ್ರ ಕಣ್ಣು ಬಿಟ್ಟ ಕೂಡಲೇ ಮೊದಲು ಓಡುವುದು ಅದು. ಈಗ ಯಾರನ್ನು ಎಬ್ಬಿಸಲಿ, ಹಳೆಯವರನ್ನೋ ಹೊಸಬರನ್ನೋ ಎಂದು ತೀರ್ಮಾನಿಸಿ ದಾರಿ ಬಿಡುತ್ತದೆ. ಈ ಪುಟ್ಟ ತುಣುಕನ್ನು ಯಂತ್ರದ ಶಾಶ್ವತ ಜಾಗದಲ್ಲಿ ಬರೆಯಬೇಕು. ಭಯಪಡುವುದಿದ್ದರೆ ಅಲ್ಲಿ ಪಡಬೇಕು. ಅದೂ ಒಮ್ಮೆ ಮಾತ್ರ. ಆಮೇಲೆ ರಾಕ್‌ಬಾಕ್ಸನ್ನು ನೂರು ಸಲ ಬದಲಿಸಿದರೂ ಬೂಟ್‌ಲೋಡರನ್ನು ಮುಟ್ಟುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ.

ಕ್ಲಿಪ್ ಪ್ಲಸ್‌ನಲ್ಲಿ ಈ ತುಣುಕನ್ನು ಒಳಗೆ ಸೇರಿಸಿದ ಬಗೆ ನನಗೆ ಬಹಳ ಇಷ್ಟ. ಸ್ವಲ್ಪ ನಿಂತು ಹೇಳುತ್ತೇನೆ. ತಯಾರಕರು ಕೊಡುವ ಫರ್ಮ್‌ವೇರ್ ಒಂದೇ ಒಂದು ಕಡತ. ಅದನ್ನು ಪ್ಲೇಯರಿನ ಮೊದಲ ಹಂತಕ್ಕೆ ನಕಲು ಮಾಡಿ ಕೇಬಲ್ ತೆಗೆದರೆ ಪ್ಲೇಯರ್ ತಾನೇ ಅದನ್ನು ಗುರುತಿಸಿ ಒಳಗೆ ಬರೆದುಕೊಳ್ಳುತ್ತದೆ. ರಾಕ್‌ಬಾಕ್ಸಿನವರು ಈ ಕಡತದೊಳಗೇ ತಮ್ಮ ಬೂಟ್‌ಲೋಡರನ್ನು ಸೇರಿಸಬೇಕಿತ್ತು. ತೊಂದರೆ ಏನೆಂದರೆ ಅಲ್ಲಿ ಜಾಗ ಇರಲಿಲ್ಲ, ಫರ್ಮ್‌ವೇರ್ ಕೂರುವ ಬ್ಲಾಕಿನ ಅಳತೆಗೆ ಮಿತಿ ಇತ್ತು. ಅವರು ತಯಾರಕರ ಸಂಕೇತವನ್ನೇ ಒತ್ತಿ, ಸಂಕುಚಿಸಿ, ಚಿಕ್ಕದು ಮಾಡಿದರು. ಉಳಿದ ಜಾಗದಲ್ಲಿ ತಮ್ಮ ಬೂಟ್‌ಲೋಡರ್ ಮತ್ತು ಒತ್ತಿದ್ದನ್ನು ಬಿಚ್ಚುವ ಪುಟ್ಟ ಪ್ರೋಗ್ರಾಮ್ ಇಟ್ಟರು. ಬಸ್ಸಿನ ಸೀಟಿನಲ್ಲಿ ಇದ್ದವರನ್ನು ಎಬ್ಬಿಸದೆ, ಸ್ವಲ್ಪ ಸರಿಯಿರಿ ಎಂದು ಅಂಚಿನಲ್ಲಿ ಕೂರುತ್ತೇವಲ್ಲ, ಹಾಗೆ. ಪ್ಲೇಯರ್ ಚಾಲೂ ಮಾಡುವಾಗ ಎಡಗುಂಡಿ ಒತ್ತಿ ಹಿಡಿದಿದ್ದರೆ ಹಳೆಯದನ್ನು ಬಿಚ್ಚಿ ಎಬ್ಬಿಸುತ್ತದೆ. ಒತ್ತದಿದ್ದರೆ ರಾಕ್‌ಬಾಕ್ಸ್.

ಹಾಕುವ ಕ್ರಮ ಹೀಗಿದೆ, ನೋಡಿ. ಪ್ಲೇಯರಿನ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಬಗೆಯನ್ನು ಎಂಎಸ್‌ಸಿ ಎಂದು ಬದಲಿಸಿದೆ. ಆಗ ಅದು ಕಂಪ್ಯೂಟರಿಗೆ ಪೆನ್ ಡ್ರೈವ್‌ನಂತೆ ಕಾಣುತ್ತದೆ. ಎಂಟಿಪಿ ಎಂದಿದ್ದರೆ ಕೆಲಸ ಆಗುವುದಿಲ್ಲ, ಅದು ಡಿಸ್ಕಿನ ನಿಜವಾದ ರೂಪವನ್ನು ಮುಚ್ಚಿಡುತ್ತದೆ. ರಾಕ್‌ಬಾಕ್ಸ್ ಯುಟಿಲಿಟಿ ಎಂಬ ಪ್ರೋಗ್ರಾಮ್ ತೆರೆದೆ. ಪ್ಲೇಯರ್ ಯಾವುದೆಂದು ಅದೇ ಗುರುತಿಸುತ್ತದೆ, ಆದರೂ ನಿಮ್ಮ ಕಣ್ಣಿನಿಂದ ಒಮ್ಮೆ ನೋಡಿಕೊಳ್ಳಿ. ತಯಾರಕರ ಫರ್ಮ್‌ವೇರ್ ಕಡತವನ್ನು ನಾವೇ ಇಳಿಸಿಕೊಂಡು ಅದಕ್ಕೆ ತೋರಿಸಬೇಕು. ಅದು ಬೇರೆಯವರ ಸ್ವತ್ತಾದ್ದರಿಂದ ರಾಕ್‌ಬಾಕ್ಸಿನವರು ಹಂಚುವಂತಿಲ್ಲ. ತೋರಿಸಿದ ಕಡತದ ಗುರುತಿನ ಮೊತ್ತವನ್ನು, ಅಂದರೆ ಅದರ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಪಡೆದ ಸಂಖ್ಯೆಯನ್ನು, ತನ್ನ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಒಂದಕ್ಷರ ಹೆಚ್ಚುಕಡಿಮೆಯಾಗಿದ್ದರೂ ಮುಂದುವರಿಯಲು ಒಪ್ಪುವುದಿಲ್ಲ. ಈ ಹಟಮಾರಿತನವೇ ನಿಮ್ಮ ಪ್ಲೇಯರನ್ನು ಕಾಪಾಡುವುದು, ಸಿಟ್ಟಾಗಬೇಡಿ. ತಾಳೆಯಾದರೆ ಕಡತಕ್ಕೆ ಬೂಟ್‌ಲೋಡರ್ ಸೇರಿಸಿ ಪ್ಲೇಯರಿಗೆ ಹಾಕುತ್ತದೆ, ಜೊತೆಗೆ ರಾಕ್‌ಬಾಕ್ಸ್ ಫೋಲ್ಡರನ್ನೂ. ಈಗ ಸರಿಯಾದ ಕ್ರಮದಲ್ಲಿ ಸಂಪರ್ಕ ಕಡಿದು ಕೇಬಲ್ ತೆಗೆದಿದ್ದೇನೆ. ಪ್ಲೇಯರ್ ತನ್ನ ಎಂದಿನ ಪರಿಷ್ಕರಣೆಯೆಂದು ತಿಳಿದು ಬರೆದುಕೊಳ್ಳುತ್ತಿದೆ. ಈ ಸ್ವಲ್ಪ ಹೊತ್ತು ಮಾತ್ರ ಯಾರೂ ಗುಂಡಿ ಮುಟ್ಟಬಾರದು, ಬ್ಯಾಟರಿ ತುಂಬಿರಬೇಕು. ಆಯಿತು. ಹಳದಿ ಪಟ್ಟಿಯ ಕೆಳಗೆ ಹೊಸ ಮೆನು ಬಂತು.

ಸ್ಯಾನ್ಸಾ ಹೊಂದಿರುವವರಿಗೆ ಒಂದು ಎಚ್ಚರಿಕೆ. ಹೊರಗಿನಿಂದ ಒಂದೇ ತರಹ ಕಾಣುವ ಎರಡು ಪ್ಲೇಯರುಗಳ ಒಳಗೆ ಬೇರೆ ಬೇರೆ ಚಿಪ್ ಇರಬಹುದು. ಇ200 ಮಾದರಿಯಲ್ಲಿ ಹೀಗೆಯೇ ಆಗಿದೆ. ಫರ್ಮ್‌ವೇರ್ ಸಂಖ್ಯೆ 01ರಿಂದ ಶುರುವಾಗಿದ್ದರೆ ಅದು ಮೊದಲ ಆವೃತ್ತಿ, 03ರಿಂದಾದರೆ ಎರಡನೆಯದು. ಒಂದರೊಳಗೆ ಪೋರ್ಟಲ್‌ಪ್ಲೇಯರ್ ಚಿಪ್, ಇನ್ನೊಂದರೊಳಗೆ ಬೇರೆ ಕಂಪನಿಯದು. ಡಬ್ಬಿಯ ಮೇಲಿನ ಹೆಸರನ್ನು ನಂಬದೆ ಮೆನುವಿನೊಳಗಿನ ಆ ಸಂಖ್ಯೆಯನ್ನು ಓದಬೇಕು.

ಐಪಾಡಿನ ಕಥೆ ಬೇರೆ, ಒಂದು ರೀತಿಯಲ್ಲಿ ಸುಲಭ. ಐದನೆಯ ತಲೆಮಾರಿನವರೆಗಿನ ದೊಡ್ಡ ಐಪಾಡುಗಳಲ್ಲಿ ಆಪಲ್‌ನ ಫರ್ಮ್‌ವೇರ್ ಇರುವುದು ಹಾರ್ಡ್ ಡಿಸ್ಕಿನ ಒಂದು ಪ್ರತ್ಯೇಕ ವಿಭಾಗದಲ್ಲಿ. ಬೂಟ್‌ಲೋಡರನ್ನು ಅದರ ಬಾಲಕ್ಕೆ ಅಂಟಿಸಿ, ಓಡುವಾಗ ಮೊದಲು ಇಲ್ಲಿಗೆ ಬಾ ಎಂದು ವಿಳಾಸ ತಿದ್ದುತ್ತಾರೆ. ಏನಾದರೂ ತಪ್ಪಿದರೆ? ಡಿಸ್ಕ್ ಮೋಡ್ ಎಂಬ ರಕ್ಷಣಾ ವ್ಯವಸ್ಥೆ ಇರುವುದು ಡಿಸ್ಕಿನಲ್ಲಲ್ಲ, ಒಳಗಿನ ಫ್ಲ್ಯಾಶ್ ಚಿಪ್ಪಿನಲ್ಲಿ. ಅದನ್ನು ನಾವು ಮುಟ್ಟಿಯೇ ಇರುವುದಿಲ್ಲ. ನಾಲ್ಕು ಮತ್ತು ಐದನೆಯ ತಲೆಮಾರಿನವುಗಳಲ್ಲಿ ಮೆನು ಮತ್ತು ನಡುವಿನ ಗುಂಡಿಯನ್ನು ಒಟ್ಟಿಗೆ ಹಿಡಿದು ಮರುಚಾಲೂ ಮಾಡಿ, ತಕ್ಷಣ ನಡುವಿನ ಗುಂಡಿ ಮತ್ತು ಪ್ಲೇ ಗುಂಡಿ ಹಿಡಿದರೆ ಐಪಾಡ್ ಬರಿಯ ಡಿಸ್ಕಾಗಿ ಎದ್ದು ಕೂರುತ್ತದೆ. ಅಲ್ಲಿಂದ ಎಲ್ಲವನ್ನೂ ಸರಿಮಾಡಿಕೊಳ್ಳಬಹುದು. ಗಮನಿಸಬೇಕಾದ್ದು ಒಂದೇ, ಐಪಾಡಿನ ಡಿಸ್ಕು ಕಡತಗಳನ್ನು ಜೋಡಿಸುವ ಬಗೆಗಳಲ್ಲಿ ಒಂದಾದ ಎಫ್‌ಎಟಿ32 ರೂಪದಲ್ಲಿ ಫಾರ್ಮ್ಯಾಟ್ ಆಗಿರಬೇಕು. ಮ್ಯಾಕ್‌ನಲ್ಲಿ ಸಿದ್ಧಪಡಿಸಿದ ಐಪಾಡಿನ ಕಡತ ವ್ಯವಸ್ಥೆಯನ್ನು ರಾಕ್‌ಬಾಕ್ಸ್ ಓದುವುದಿಲ್ಲ.

ಎರಡನೆಯ ತಲೆಮಾರಿನ ಐಪಾಡ್ ನ್ಯಾನೋದಲ್ಲಿ ಆಪಲ್ ಫರ್ಮ್‌ವೇರನ್ನೇ ಗೂಢಲಿಪಿಯಲ್ಲಿ ಮುಚ್ಚಿತು. ಹೆಬ್ಬಾಗಿಲಿಗೆ ನಿಜವಾದ ಬೀಗ. ಅಲ್ಲಿಯೂ ದಿಡ್ಡಿ ಬಾಗಿಲು ಎಲ್ಲಿ ಸಿಕ್ಕಿತು ಗೊತ್ತೇ? ನ್ಯಾನೋದಲ್ಲಿ ಟಿಪ್ಪಣಿ ಓದುವ ಸೌಲಭ್ಯವಿದೆ, ದಿನಸಿ ಪಟ್ಟಿ ಬರೆದಿಟ್ಟುಕೊಳ್ಳಲಿ ಎಂದು ಕೊಟ್ಟದ್ದು. ಆ ಟಿಪ್ಪಣಿಯೊಳಗೆ ವಿಪರೀತ ಉದ್ದನೆಯ ಕೊಂಡಿಯೊಂದನ್ನು ಇಟ್ಟರೆ ಅದು ತನಗಿಟ್ಟ ಜಾಗ ಮೀರಿ ಪಕ್ಕದ ಮೆಮೊರಿಗೆ ಹರಿಯುತ್ತಿತ್ತು. ಹರಿದ ಭಾಗದಲ್ಲಿ ತಮ್ಮ ಸಂಕೇತ ಇಟ್ಟು ಒಳಹೊಕ್ಕರು. ಕಾವಲುಗಾರರೆಲ್ಲ ಬಾಗಿಲ ಬಳಿ ನಿಂತಿದ್ದಾಗ ಅಡುಗೆಮನೆಯ ಕಿಟಕಿಯಿಂದ ಹಾರಿದ ಹಾಗೆ.

ಎಲ್ಲ ಪ್ಲೇಯರುಗಳೂ ಐಪಾಡಿನಷ್ಟು ಕ್ಷಮಾಶೀಲವಲ್ಲ. ಐರಿವರ್ ಎಚ್120ರಲ್ಲಿ ಬೂಟ್‌ಲೋಡರನ್ನು ಫ್ಲ್ಯಾಶ್ ಮೆಮೊರಿಗೇ ಬರೆಯಬೇಕು. ಬರೆಯುವಾಗ ವಿದ್ಯುತ್ ಹೋದರೆ ಯಂತ್ರಕ್ಕೆ ಎಚ್ಚರವಾಗುವ ದಾರಿಯೇ ಉಳಿಯುವುದಿಲ್ಲ. ಚಾರ್ಜರ್ ಸಿಕ್ಕಿಸಿಕೊಂಡೇ ಮಾಡಬೇಕೆಂಬ ಕಟ್ಟಪ್ಪಣೆ ಅದಕ್ಕೇ. ಹೀಗೆ ಸತ್ತ ಯಂತ್ರವನ್ನು ಈ ವಲಯದವರು ಇಟ್ಟಿಗೆ ಎನ್ನುತ್ತಾರೆ. ಕಾಗದ ಹಾರದಂತೆ ಅದರ ಮೇಲೆ ಇಡಲು ಮಾತ್ರ ಪ್ರಯೋಜನ ಎಂದರ್ಥ. ಐರಿವರ್ ಇಟ್ಟಿಗೆಯಾದರೆ ಹೊದಿಕೆ ಬಿಚ್ಚಿ, ಪ್ರಾಸೆಸರಿನ ದೋಷಶೋಧಕ ತಂತಿಗಳಿಗೆ ಬೆಸುಗೆ ಹಾಕಿ ಜೀವ ಬರಿಸಬೇಕು. ಬೆಸುಗೆ ಕೋಲು ಹಿಡಿದು ಅಭ್ಯಾಸವಿಲ್ಲದವರು ಮೊದಲ ಪ್ರಯತ್ನಕ್ಕೆ ಆ ಪ್ಲೇಯರನ್ನು ಆರಿಸಿಕೊಳ್ಳಬೇಡಿ.

ನನ್ನ ಮೊದಲ ಪ್ರಯತ್ನದ ಅವಾಂತರವನ್ನೂ ಹೇಳಿಬಿಡುತ್ತೇನೆ. ಯುಟಿಲಿಟಿ ಇದ್ದರೂ ಎಲ್ಲವನ್ನೂ ಕೈಯಿಂದಲೇ ಮಾಡುತ್ತೇನೆಂಬ ಗತ್ತು. ಬೂಟ್‌ಲೋಡರ್ ಸರಿಯಾಗಿ ಕುಳಿತಿತ್ತು. ರಾಕ್‌ಬಾಕ್ಸಿನ ಜಿಪ್ ಕಡತ ಇಳಿಸಿ ಬಿಚ್ಚಿದೆ. ಫೋಲ್ಡರ್ ತೆರೆದರೆ ಖಾಲಿ! ಇಳಿಸುವಾಗ ಕೆಟ್ಟಿದೆ ಎಂದುಕೊಂಡು ಮತ್ತೆ ಇಳಿಸಿದೆ, ಮತ್ತೆ ಖಾಲಿ. ಮೂರನೆಯ ಸಲ ಖಾಲಿ ಫೋಲ್ಡರನ್ನೇ ಹಾಗೆಯೇ ಎತ್ತಿ ಪ್ಲೇಯರಿಗೆ ಹಾಕಿದೆ. ಚಾಲೂ ಮಾಡಿದರೆ ಕಡತ ಸಿಗಲಿಲ್ಲ ಎಂಬ ಒಂದು ಸಾಲು ಪರದೆಯ ಮೇಲೆ ಬಂದು ನಿಂತಿತು. ನನ್ನ ಪ್ಲೇಯರ್ ಇಟ್ಟಿಗೆಯಾಯಿತೆಂದು ಅಂದು ರಾತ್ರಿ ಊಟ ಸೇರಲಿಲ್ಲ.

ಆಗಿದ್ದು ಇಷ್ಟು. ಆ ಫೋಲ್ಡರಿನ ಹೆಸರಿನ ಮೊದಲಲ್ಲಿ ಒಂದು ಚುಕ್ಕಿ ಇದೆ, ಚುಕ್ಕಿ ಆದಮೇಲೆ ರಾಕ್‌ಬಾಕ್ಸ್ ಎಂದು. ನಾನು ಬಳಸುತ್ತಿದ್ದ ವ್ಯವಸ್ಥೆಯಲ್ಲಿ ಚುಕ್ಕಿಯಿಂದ ಶುರುವಾಗುವ ಹೆಸರುಗಳನ್ನು ಬಚ್ಚಿಡುತ್ತಾರೆ. ಜಿಪ್ಪಿನಲ್ಲಿ ಮೇಲಿನ ಹಂತದಲ್ಲಿ ಅದೊಂದೇ ಇರುವುದರಿಂದ ನನಗೆ ಖಾಲಿ ಕಂಡಿತು. ಎತ್ತಿ ಹಾಕಿದಾಗ ಅದು ಮೊದಲ ಹಂತಕ್ಕೆ ಬರದೆ ಇನ್ನೊಂದು ಫೋಲ್ಡರಿನ ಹೊಟ್ಟೆಯೊಳಗೆ ಸೇರಿತ್ತು. ಬೂಟ್‌ಲೋಡರ್ ಮನೆ ಬಾಗಿಲಲ್ಲಿ ನಿಂತು ಹುಡುಕುತ್ತದೆ, ಕೋಣೆಕೋಣೆಗೆ ಹೋಗುವುದಿಲ್ಲ. ಮರುದಿನ ಬಚ್ಚಿಟ್ಟದ್ದನ್ನು ತೋರಿಸು ಎಂಬ ಆಯ್ಕೆ ಒತ್ತಿ, ಒಂದು ಹಂತ ಮೇಲಕ್ಕೆ ತಂದಿಟ್ಟೆ. ಎರಡು ನಿಮಿಷದ ಕೆಲಸ. ಹಿಂದಿನ ರಾತ್ರಿ ಪರದೆಯ ಮೇಲೆ ಆ ಸಾಲು ಮೂಡಿತ್ತೆಂದರೆ ಬೂಟ್‌ಲೋಡರ್ ಜೀವಂತವಾಗಿದೆ ಎಂದೇ ಅರ್ಥ. ಅದನ್ನು ಓದಿಯೂ ನನಗೆ ಹೊಳೆದಿರಲಿಲ್ಲ.

ಇಷ್ಟೆಲ್ಲ ಮಾಡಿ ಸಿಗುವುದೇನು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಹಾಡುಗಳ ನಡುವಿನ ಬಿರುಕಿನ ವಿಚಾರ. ನೇರ ಕಛೇರಿಯೊಂದರ ಧ್ವನಿಮುದ್ರಣವನ್ನು ಭಾಗ ಮಾಡಿ ಹತ್ತು ಕಡತಗಳಾಗಿ ಇಟ್ಟಿರುತ್ತೀರಿ. ಒಂದು ಮುಗಿದು ಇನ್ನೊಂದು ಶುರುವಾಗುವಲ್ಲಿ ಚಪ್ಪಾಳೆ ಕತ್ತರಿಸಿದಂತೆ ನಿಂತು ಮತ್ತೆ ಹೊರಡುತ್ತದೆ. ಕಾರಣ ಎಂಪಿ3ಯ ರಚನೆಯಲ್ಲೇ ಇದೆ. ಎಂಪಿ3 ಧ್ವನಿಯನ್ನು ಚೌಕಟ್ಟುಗಳಾಗಿ ಕತ್ತರಿಸುತ್ತದೆ, ಒಂದೊಂದರಲ್ಲಿ 1152 ಮಾದರಿಗಳು, ಅಂದರೆ ಕ್ಷಣಕ್ಷಣಕ್ಕೂ ತೆಗೆದ ಧ್ವನಿಯ ಅಳತೆಗಳು. ಸೆಕೆಂಡಿಗೆ 44,100 ಮಾದರಿಗಳೆಂದರೆ ಒಂದು ಚೌಕಟ್ಟು ಸುಮಾರು 26 ಮಿಲಿಸೆಕೆಂಡು. ಹಾಡು ಸರಿಯಾಗಿ ಚೌಕಟ್ಟಿನ ಅಂಚಿಗೇ ಮುಗಿಯುವುದು ಅಪರೂಪ, ಉಳಿದ ಜಾಗಕ್ಕೆ ಮೌನ ತುಂಬುತ್ತಾರೆ. ಮೊದಲಲ್ಲೂ ಹೀಗೆಯೇ. ಎಂಪಿ3 ಕಡತ ಮಾಡಿಕೊಡುವ ಲೇಮ್ ಎಂಬ ಜನಪ್ರಿಯ ಎನ್‌ಕೋಡರ್ 576 ಮಾದರಿಗಳಷ್ಟು ತಡ ಸೇರಿಸುತ್ತದೆ, ಬಿಚ್ಚುವಾಗ ಇನ್ನೊಂದು 529 ಸೇರುತ್ತದೆ. ಒಟ್ಟು 25 ಮಿಲಿಸೆಕೆಂಡಿನಷ್ಟು, ಕೊನೆಯ ಮೌನ ಬೇರೆ. ಕಣ್ಣೆವೆ ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಆದರೂ ಶ್ರುತಿ ಹಿಡಿದ ಕಿವಿಗೆ ಅದು ಮುಗ್ಗರಿಸಿದಂತೆ ಕೇಳುತ್ತದೆ. ಲೇಮ್ ತಾನು ಎಷ್ಟು ಸೇರಿಸಿದೆ ಎಂಬ ಲೆಕ್ಕವನ್ನು ಕಡತದ ತಲೆಯಲ್ಲೇ ಬರೆದಿಟ್ಟಿರುತ್ತದೆ. ರಾಕ್‌ಬಾಕ್ಸ್ ಆ ಲೆಕ್ಕವನ್ನು ಓದಿ ಅಷ್ಟನ್ನು ಕತ್ತರಿಸಿ ಹಾಕುತ್ತದೆ. ಚಪ್ಪಾಳೆ ಹರಿಯುತ್ತಲೇ ಇರುತ್ತದೆ.

ಇನ್ನೊಂದು, ಡಿಸ್ಕ್ ಇರುವ ಪ್ಲೇಯರುಗಳಲ್ಲಿ ಬ್ಯಾಟರಿಯನ್ನು ಹೆಚ್ಚು ಕುಡಿಯುವುದು ತಿರುಗುವ ಡಿಸ್ಕೇ. ರಾಕ್‌ಬಾಕ್ಸ್ ಮೆಮೊರಿಯಲ್ಲಿ ಎಷ್ಟು ಜಾಗ ಉಳಿದಿದೆಯೋ ಅಷ್ಟನ್ನೂ ಹಾಡಿನಿಂದ ತುಂಬಿ ಡಿಸ್ಕನ್ನು ಮಲಗಿಸುತ್ತದೆ. ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ ತಿನ್ನುತ್ತದೆ. 2 ಎಂಬಿಯ ಹಳೆಯ ಆರ್ಕೋಸಿನಲ್ಲಿ ಎರಡು ನಿಮಿಷವೂ ತುಂಬುವ ಮೊದಲೇ ಡಿಸ್ಕನ್ನು ಎಬ್ಬಿಸಬೇಕಿತ್ತು. 64 ಎಂಬಿ ಇರುವ ದೊಡ್ಡ ಐಪಾಡಿನಲ್ಲಿ ಹತ್ತಿರಹತ್ತಿರ ಒಂದು ಗಂಟೆ ಅದು ನಿದ್ದೆ ಮಾಡಬಹುದು. ಅದೇ ಐಪಾಡಿಗೆ ಧ್ವನಿಯಲ್ಲಿ ಏನನ್ನೂ ಕಳೆಯದೆ ಇಡುವ, 900 ಕಿಲೋಬಿಟ್‌ನ ಫ್ಲ್ಯಾಕ್ ಕೊಟ್ಟರೆ ಒಂಬತ್ತು ನಿಮಿಷಕ್ಕೊಮ್ಮೆ ಏಳಬೇಕು. ಗುಣಮಟ್ಟದ ಹೆಸರಿನಲ್ಲಿ ಎಲ್ಲವನ್ನೂ ಫ್ಲ್ಯಾಕಿನಲ್ಲೇ ತುಂಬುವ ಗೆಳೆಯರು ಆಮೇಲೆ ಬ್ಯಾಟರಿಯನ್ನು ಬೈಯುವುದನ್ನು ನಾನು ನೋಡಿದ್ದೇನೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಆಗ್ ವೋರ್ಬಿಸ್, ಓಪಸ್, ಮ್ಯೂಸ್‌ಪ್ಯಾಕ್ ಮುಂತಾದ ಹತ್ತಾರು ಬಗೆಯ ಕಡತಗಳು ನುಡಿಯುತ್ತವೆ. ಹಾಡುಗಳನ್ನು ಫೋಲ್ಡರ್ ಫೋಲ್ಡರಾಗಿ ಎಳೆದು ಹಾಕಬಹುದು, ಐಪಾಡಿಗೆ ಐಟ್ಯೂನ್ಸ್ ಬೇಕಿಲ್ಲ. ಐಟ್ಯೂನ್ಸ್ ಮೂಲಕ ಮೊದಲೇ ಹಾಕಿದ ಹಾಡುಗಳು ನಾಲ್ಕಕ್ಷರದ ಅರ್ಥವಿಲ್ಲದ ಹೆಸರುಗಳಲ್ಲಿ ಇರುತ್ತವೆ, ಅವನ್ನು ಡೇಟಾಬೇಸ್ ಮೂಲಕ ತೆರೆಯಿರಿ. ಮಾತಿನ ಧ್ವನಿಮುದ್ರಣಗಳನ್ನು ಸ್ವರ ಬದಲಾಗದಂತೆ ವೇಗವಾಗಿ ಕೇಳಬಹುದು, ಎಲ್ಲಿ ನಿಲ್ಲಿಸಿದ್ದಿರೋ ಅಲ್ಲಿಂದಲೇ ಮುಂದುವರಿಸಬಹುದು. 64 ಜಿಬಿ ಅಥವಾ ಹೆಚ್ಚಿನ ಮೆಮೊರಿ ಕಾರ್ಡುಗಳು ಎಕ್ಸ್‌ಫ್ಯಾಟ್ ರೂಪದಲ್ಲಿ ಬರುತ್ತವೆ, ಎಫ್‌ಎಟಿ32ಕ್ಕೆ ಬದಲಿಸಿಕೊಳ್ಳದೆ ಹಾಕಿದರೆ ಕಾಣುವುದಿಲ್ಲ. ಡೂಮ್ ಆಟವೂ ಇದೆ. ಐಪಾಡಿನ ಚಕ್ರ ತಿರುಗಿಸಿ ರಾಕ್ಷಸರನ್ನು ಕೊಲ್ಲುವುದು ಹಿಂಸೆಯೇ, ಯಾರಿಗೆ ಹೆಚ್ಚು ಹಿಂಸೆ ಎಂದು ಹೇಳಲಾರೆ.

ಕಳೆದುಕೊಳ್ಳುವುದೂ ಇದೆ. ನಕಲು ತಡೆ ಹಾಕಿದ, ಖರೀದಿಸಿದ ಕಡತಗಳು ನುಡಿಯುವುದಿಲ್ಲ. ಐಪಾಡಿನಲ್ಲಿ ವಿಡಿಯೊ ನೋಡಬೇಕಾದರೆ ಹಳೆಯ ಎಂಪೆಗ್ ರೂಪಕ್ಕೆ ಬದಲಿಸಿಕೊಳ್ಳಬೇಕು, ಅದಕ್ಕಿಂತ ಆಪಲ್‌ನ ಫರ್ಮ್‌ವೇರಿಗೇ ಹೋಗುವುದು ವಾಸಿ. ಮರುಚಾಲೂ ಆದ ಕೂಡಲೇ ಹೋಲ್ಡ್ ಸ್ವಿಚ್ ಸರಿಸಿದರೆ ಅದು ಬರುತ್ತದೆ. ಮೆನುಗಳಂತೂ ಕಾಡು. ಮೊದಲ ವಾರ ದಾರಿ ತಪ್ಪುತ್ತೀರಿ. ಬರೆದವರು ಎಂಜಿನಿಯರುಗಳು, ಯಾವ ಆಯ್ಕೆಯನ್ನೂ ಬಚ್ಚಿಡಲು ಅವರಿಗೆ ಮನಸ್ಸು ಬಂದಿಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ವಾರಂಟಿಯ ಬಗ್ಗೆ ಒಬ್ಬರು ಕೇಳಿದರು. ಈ ಪ್ಲೇಯರುಗಳಲ್ಲಿ ಹೆಚ್ಚಿನವು ತಯಾರಕರು ಮರೆತು ಎಷ್ಟೋ ವರ್ಷಗಳಾಗಿರುವಂಥವು. ಐಪಾಡ್ ಮಾರಾಟವನ್ನು ಆಪಲ್ 2022ರ ಮೇ ತಿಂಗಳಲ್ಲಿ ನಿಲ್ಲಿಸಿತು. ವಾರಂಟಿಯ ಚಿಂತೆ ಇರುವಷ್ಟು ಹೊಸ ಯಂತ್ರ ನಿಮ್ಮಲ್ಲಿದ್ದರೆ ಅದು ಮುಗಿಯುವವರೆಗೆ ಕಾಯಿರಿ ಎಂದೆ.

ಕನ್ನಡದ ಹಾಡಿನ ಹೆಸರುಗಳು ಸರಿಯಾಗಿ ಕಾಣುತ್ತವೆಯೇ ಎಂದು ಮತ್ತೊಬ್ಬರು. ಕಾಣುವುದಿಲ್ಲ. ರಾಕ್‌ಬಾಕ್ಸ್ ಒಂದು ಸಂಕೇತಕ್ಕೆ ಒಂದು ಚಿತ್ರ ಎಂದು ಸಾಲಾಗಿ ಇಡುತ್ತಾ ಹೋಗುತ್ತದೆ. ಫಾಂಟನ್ನು ಅದರ ರೂಪಕ್ಕೆ ಬದಲಿಸುವ ಸಲಕರಣೆ ಇದೆ, ಹಾಕಿ ನೋಡಬಹುದು. ಆದರೆ ನಮ್ಮ ಲಿಪಿಯಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಕೂರುವುದಿಲ್ಲವಲ್ಲ. ರಾಷ್ಟ್ರ ಎಂದು ಬರೆದರೆ ಷಕಾರದ ಕೆಳಗೆ ಹೋಗಬೇಕಾದ ಟಕಾರ, ರಕಾರಗಳು ಒತ್ತಕ್ಷರವಾಗುವುದನ್ನು ಮರೆತು ಸಾಲಿನಲ್ಲೇ ನಿಂತುಬಿಡುತ್ತವೆ, ನಡುನಡುವೆ ಹಲಂತದ ಚಿಹ್ನೆ ಬೇರೆ. ಓದಲು ಹೋದರೆ ಅಕ್ಷರಾಭ್ಯಾಸದ ಮೊದಲ ದಿನ ನೆನಪಾಗುತ್ತದೆ. ನಾನು ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದುಕೊಳ್ಳುತ್ತೇನೆ.

ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು ನಿಂತರು. “ನಮ್ಮ ಮಾವನವರಿಗೆ ದೃಷ್ಟಿ ಹೋಗಿದೆ. ಕಾಣುವ ವಿಚಾರ ಬಿಡಿ. ಅವರೊಬ್ಬರೇ ಇದನ್ನು ಬಳಸಬಹುದೇ, ಅದನ್ನು ಹೇಳಿ” ಎಂದರು.

ಇದನ್ನು ನಾನು ಮೊದಲೇ ಹೇಳಬೇಕಿತ್ತು. ರಾಕ್‌ಬಾಕ್ಸಿಗೆ ಮಾತು ಬರುತ್ತದೆ. ಮೆನುವಿನ ಪ್ರತಿಯೊಂದು ಸಾಲನ್ನೂ ಅದು ಉಚ್ಚರಿಸಬಲ್ಲದು. ಪ್ಲೇಯರಿನ ಪುಟ್ಟ ಪ್ರಾಸೆಸರಿಗೆ ಮಾತನ್ನು ಕಟ್ಟುವ ಶಕ್ತಿ ಇಲ್ಲ, ಅದಕ್ಕೇ ಮಾತುಗಳನ್ನು ಮೊದಲೇ ಕಂಪ್ಯೂಟರಿನಲ್ಲಿ ಧ್ವನಿಯಾಗಿ ಮಾಡಿ ಒಂದು ಕಡತದಲ್ಲಿ ಇಟ್ಟಿರುತ್ತಾರೆ. ಫೋಲ್ಡರುಗಳ ಹೆಸರಿಗೂ ಹಾಗೆಯೇ. ಪ್ರತಿ ಫೋಲ್ಡರಿನೊಳಗೆ ಆ ಹೆಸರನ್ನು ನುಡಿಯುವ ಒಂದು ಪುಟ್ಟ ಧ್ವನಿ ತುಣುಕು ಇರುತ್ತದೆ, ಆಯ್ಕೆಯ ಪಟ್ಟಿ ಅಲ್ಲಿಗೆ ಬಂದಾಗ ಅದು ಕೇಳಿಸುತ್ತದೆ. ಈ ತುಣುಕುಗಳನ್ನು ರಾಕ್‌ಬಾಕ್ಸ್ ಯುಟಿಲಿಟಿಯೇ ಮಾಡಿಕೊಡುತ್ತದೆ. ಬರಹವನ್ನು ಮಾತಾಗಿಸಲು ಅದು ಕೆಲಸಕ್ಕೆ ಕರೆಯುವ ತಂತ್ರಾಂಶಗಳಲ್ಲಿ ಇಸ್ಪೀಕ್ ಒಂದು, ಮತ್ತು ಇಸ್ಪೀಕಿಗೆ ಕನ್ನಡ ಬರುತ್ತದೆ. ಪರದೆಯ ಮೇಲೆ ಒತ್ತಕ್ಷರ ಮುರಿದುಬಿದ್ದ ಅದೇ ಹೆಸರು ಕಿವಿಗೆ ಕನ್ನಡವಾಗಿಯೇ ಬೀಳುತ್ತದೆ.

ಕಂಪ್ಯೂಟರ್ ಅಲ್ಲಿಯೇ ಇತ್ತು. ಪ್ಲೇಯರನ್ನು ಜೋಡಿಸಿ ಮೂರು ಫೋಲ್ಡರ್ ಮಾಡಿದೆ, ಮುಂಜಾನೆ, ಸಂಜೆ, ಕಥೆಗಳು ಎಂದು ಹೆಸರಿಟ್ಟೆ. ಒಂದೊಂದರಲ್ಲಿ ಒಂದೊಂದು ಧ್ವನಿಮುದ್ರಣ ಹಾಕಿ, ಭಾಷೆ ಕನ್ನಡ ಎಂದು ಸೂಚಿಸಿ ಹೆಸರಿನ ತುಣುಕುಗಳನ್ನು ಮಾಡಿಸಿದೆ. ಪ್ಲೇಯರಿನ ಧ್ವನಿ ಸೆಟ್ಟಿಂಗ್‌ನಲ್ಲಿ ಫೋಲ್ಡರುಗಳಿಗೆ ಇವನ್ನೇ ಬಳಸು ಎಂದು ಬದಲಿಸಿದೆ. ಇಯರ್‌ಫೋನ್ ತೆಗೆದು ಸಭೆಯ ಸ್ಪೀಕರಿಗೆ ತಂತಿ ಸಿಕ್ಕಿಸಿ, ಪ್ಲೇಯರನ್ನು ಆ ತಾಯಿಯ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಳ್ಳಿ ಎಂದೆ. ಅವರ ಹೆಬ್ಬೆರಳು ಗುಂಡಿಗಳ ಮೇಲೆ ಒಂದು ಸುತ್ತು ತಡವಿತು. ಕೆಳಗಿನ ಗುಂಡಿ ಒತ್ತಿದರು. “ಮುಂಜಾನೆ” ಎಂದಿತು ಸ್ಪೀಕರು, ಯಂತ್ರದ ಒಣ ದನಿಯಲ್ಲಿ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮತ್ತೆ ಒತ್ತಿದರು, “ಸಂಜೆ.” ಮತ್ತೆ ಒತ್ತಿದರು. “ಕಥೆಗಳು” ಎಂದು ಕೇಳಿದ್ದೇ ಅವರ ಬೆರಳು ತಾನಾಗಿ ನಡುವಿನ ಗುಂಡಿಗೆ ಬಂತು.